ಅಪ್ಪ ಅಮ್ಮನನ್ನು ಸಿಂಗಾಪುರದಿಂದ ಮುಂಬೈಗೆ ಹಡಗಿನಲ್ಲಿ ಕಳಿಸುತ್ತಿದ್ದೇವೆ. ಪ್ರತಿ ಬಂದರಲ್ಲೂ ಇಳಿದು ನೋಡದಿದ್ದರೆ ದುಡ್ಡು ದಂಡ ಅಲ್ವಾ?

ದಂಡ ಅಲ್ಲ. ಹಡಗಲ್ಲಿ ಸುಮ್ನೆ ಕೂರುವುದಕ್ಕೇ ಅಷ್ಟು ದುಡ್ಡು ಕೊಡುವುದು. ನನಗೆ ಇದು ತಡವಾಗಿ ಗೊತ್ತಾಯಿತು.

ನಾವು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಅಡಿಕೆ ತೋಟದವರು. 2019ರಲ್ಲಿ ನನಗೆ 66, ನನ್ನ ಹೆಂಡತಿಗೆ 61. ಆಗ ನಾವು ಹಡಗಿನಲ್ಲಿ ಹೋಗಿದ್ದೂ ಇದೇ ದಾರಿ: ಸಿಂಗಾಪುರ ಬಿಟ್ಟು ಪೆನಾಂಗ್, ಫುಕೆಟ್, ಕೊಲಂಬೊ, ಕೊಚ್ಚಿ, ಆಮೇಲೆ ಮುಂಬೈ. ಅಲ್ಲಿಯವರೆಗೆ ಅವಳು ನೀರಿನ ಮೇಲೆ ಹೋಗಿದ್ದು ಶರಾವತಿ ಹಿನ್ನೀರು ದಾಟುವ ಸಿಗಂದೂರಿನ ಲಾಂಚಿನಲ್ಲಿ ಮಾತ್ರ. ಈಗ ಅಲ್ಲಿ ಸೇತುವೆ ಆಗಿದೆ, ಬಿಡಿ.

ಅಡಿಕೆ ಸುಲಿತ ಬಂತೆಂದರೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಇಪ್ಪತ್ತು ಜನರಿಗೆ ತಿಂಡಿ ಮಾಡುತ್ತಿದ್ದವಳು ಅವಳು. ಮೊದಲ ದಿನ ಡೆಕ್ಕಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿದಳು. ಕುಡಿದಾದ ಮೇಲೂ ಕಪ್ ಹಿಡಿದುಕೊಂಡೇ ಇದ್ದಳು, ಎಲ್ಲಿ ಇಡಬೇಕು ಅಂತ ಗೊತ್ತಾಗದೆ. ಒಬ್ಬ ಹುಡುಗ ಬಂದು ತಗೊಂಡು ಹೋದ. ‘ರೀ, ನಾನು ಇಲ್ಲಿಂದ ಏಳಲ್ಲ’ ಎಂದಳು.

ನಾನು ಕೇಳಲಿಲ್ಲ. ಇಷ್ಟು ಖರ್ಚು ಮಾಡಿ ಬಂದು ಊರು ನೋಡದೆ ಹೋಗುವುದಾ ಅಂತ ಫುಕೆಟ್‌ನಲ್ಲಿ ಅವಳನ್ನು ಎಬ್ಬಿಸಿಕೊಂಡು ಹೋದೆ. ಹಡಗಿನವರ ಟೂರ್ ದುಬಾರಿ ಅಂತ ಹೊರಗಿನ ಟ್ಯಾಕ್ಸಿ ಹಿಡಿದೆ. ಅಲ್ಲಿ ಹಡಗು ದೂರದಲ್ಲಿ ಲಂಗರು ಹಾಕುತ್ತದೆ, ದಡಕ್ಕೆ ಸಣ್ಣ ದೋಣಿ. ಕೊನೆಯ ದೋಣಿ ನಾಲ್ಕೂವರೆಗೆ, ಹಡಗು ಬಿಡುವುದು ಐದಕ್ಕೆ.

ತಪ್ಪು ಆಗಿದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಆ ನಾಲ್ಕೂವರೆ ಹಡಗಿನ ಗಡಿಯಾರದ್ದು. ನಮ್ಮ ಹಡಗು ಇನ್ನೂ ಸಿಂಗಾಪುರದ ಟೈಮಿನಲ್ಲೇ ಇತ್ತು. ಥಾಯ್ಲೆಂಡ್ ಅದಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬರುತ್ತಲೇ ನನ್ನ ಮೊಬೈಲ್ ತಾನೇ ಥಾಯ್ಲೆಂಡ್ ಟೈಮ್ ತೋರಿಸಲು ಶುರು ಮಾಡಿತ್ತು. ಪೆನಾಂಗ್‌ನಲ್ಲಿ ತೊಂದರೆ ಆಗಿರಲಿಲ್ಲ, ಯಾಕೆಂದರೆ ಮಲೇಷ್ಯಾದ್ದೂ ಸಿಂಗಾಪುರದ್ದೂ ಒಂದೇ ಟೈಮ್. ಅದೇ ಧೈರ್ಯದಲ್ಲಿದ್ದೆ. ಮೊಬೈಲಿನಲ್ಲಿ ನಾಲ್ಕು ಹತ್ತಕ್ಕೆ ದಡಕ್ಕೆ ಬಂದೆವು, ಇನ್ನೂ ಇಪ್ಪತ್ತು ನಿಮಿಷ ಇದೆ ಅಂತ. ಹಡಗಿನಲ್ಲಿ ಆಗಲೇ ಐದು ಹತ್ತು. ನಾವು ನೋಡುತ್ತಿದ್ದಂತೆ ಹಡಗು ಮೂತಿ ತಿರುಗಿಸಿತು. ಹಡಗಿನವರದ್ದೇ ಟೂರ್ ಆಗಿದ್ದರೆ ಕಾಯುತ್ತಿದ್ದರು.

ನಮ್ಮ ಕೋಣೆಯಿಂದ ಪಾಸ್‌ಪೋರ್ಟ್, ಅವಳ ಬಿಪಿ ಮಾತ್ರೆ ತೆಗೆದು ಬಂದರಿನ ಏಜೆಂಟರ ಕೈಗೆ ಕೊಟ್ಟು ಹೋಗಿದ್ದರು. ಬ್ಯಾಂಕಾಕ್ ಮೇಲೆ ವಿಮಾನದಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ಹಡಗು ಹತ್ತಿದೆವು. ಟಿಕೆಟ್ಟು, ಹೋಟೆಲ್ಲು ಅಂತ ಒಂದು ಲಕ್ಷ ಹೋಯಿತು. ಅದು ಹೋಗಲಿ. ಫುಕೆಟ್ ಬಿಟ್ಟ ಮೇಲೆ ಎರಡು ಪೂರ್ತಿ ದಿನ ಬರೀ ಸಮುದ್ರ, ಎಲ್ಲೂ ದಡ ಇಲ್ಲ. ಅವಳು ಕಾಯುತ್ತಿದ್ದದ್ದು ಆ ಎರಡು ದಿನಕ್ಕೆ. ಅದನ್ನು ನಾವು ಹೋಟೆಲ್ ರೂಮಿನಲ್ಲಿ ಫೋನ್ ಮಾಡುತ್ತಾ ಕಳೆದೆವು. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಹಾಗಾಗಿ ಟೂರ್ ಬುಕ್ ಮಾಡಬೇಡಿ. ಅಪ್ಪ ಅಮ್ಮನಿಗೆ ಆಸೆಯಾದರೆ ಒಂದು ಕಡೆ ಇಳಿಯಲಿ, ಅದೂ ಹಡಗಿನವರ ಟೂರಿನಲ್ಲೇ. ಅಪ್ಪನ ಕೈಗೆ ಮುಳ್ಳಿನ ವಾಚ್ ಕಟ್ಟಿ ಕಳಿಸಿ, ಹಡಗಿನಲ್ಲಿ ಟೈಮ್ ಬದಲಿಸಿ ಅಂದಾಗ ಮಾತ್ರ ಬದಲಿಸಲಿ. ಮಾತ್ರೆ ಯಾವಾಗಲೂ ಜೊತೆಗಿರಲಿ. ಹಡಗು ಆರಿಸುವಾಗ ಬಂದರು ಎಷ್ಟು ಅಂತ ಎಣಿಸಬೇಡಿ, ಬರೀ ಸಮುದ್ರದ ದಿನ ಎಷ್ಟು ಅಂತ ಎಣಿಸಿ.

ನಮಗೆ ಅಂಥದ್ದು ಒಂದೇ ದಿನ ಉಳಿದಿತ್ತು, ಕೊಚ್ಚಿಯಿಂದ ಮುಂಬೈಗೆ. ಬೆಳಗ್ಗೆ ತಿಂಡಿ ಹೊತ್ತಿಗೆ ಅವಳು ಬಲಗಡೆಯ ಕಂಬಿ ಹಿಡಿದು ನಿಂತಿದ್ದಳು. ದಡ ಕಾಣುತ್ತಿರಲಿಲ್ಲ. ‘ಆ ಕಡೆ ಹೊನ್ನಾವರ ಅಲ್ವಾ? ಹಾಗಾದರೆ ನಮ್ಮ ಶರಾವತಿ ಬಂದು ಸೇರುವುದು ಇಲ್ಲಿಗೇ’ ಎಂದಳು. ಹೌದು ಎಂದೆ. ಎರಡು ಕುರ್ಚಿ ಆ ಕಡೆಗೆ ತಿರುಗಿಸಿದೆ. ಊಟಕ್ಕೆ ಕರೆಯುವವರೆಗೂ ಇಬ್ಬರೂ ಏಳಲಿಲ್ಲ.