ಕೊಬ್ಬರಿ ಎಣ್ಣೆ ಬೇಡ ತಮ್ಮ

ಮೈಸೂರಿಂದ ಅಮೆರಿಕದ ಡುಲೂತ್‌ಗೆ ಬಂದು ಇನ್ನೂ ಚಳಿಯೇ ಸರಿಯಾಗಿ ನೋಡಿಲ್ಲ, ಆಗಲೇ ಪಕ್ಕದ ಮನೆ ಮುದುಕರ ಜೊತೆ ಚರ್ಮಕ್ಕೆ ಪ್ರಾಣಿ ಹಿಡಿಯೋ ಟ್ರ್ಯಾಪ್ ಹಾಕೋಕೆ ಕಾಡಿಗೆ ಹೊರಟಿದ್ದೀಯ! ಸೊಂಟಕ್ಕೆ ಯಾವ ಪಿಸ್ತೂಲು ಒಳ್ಳೇದು, ಅದು ತುಕ್ಕು ಹಿಡೀದಂಗೆ ಕೊಬ್ಬರಿ ಎಣ್ಣೆ ಸವರಿದ್ರೆ ಸಾಕಾ ಅಂತ ಕೇಳಿದ್ದೀಯ.

ಪಿಸ್ತೂಲು ಆಮೇಲೆ, ಮೊದಲು ವೀಸಾ ನೋಡ್ಕೊ. ಎಚ್-1ಬಿ ಕೆಲಸದ ವೀಸಾದಲ್ಲಿ ಇರೋರು ಬಂದೂಕು ಹಾಗಿರಲಿ, ಒಂದು ಗುಂಡು ಇಟ್ಟುಕೊಂಡರೂ ಇಲ್ಲಿಯ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದೋರಿಗೆ ವಿನಾಯಿತಿ ಉಂಟು, ಅದನ್ನ ವಕೀಲರ ಹತ್ತಿರ ಕೂತು ಬಗೆಹರಿಸ್ಕೊ. ‘ಸ್ವಲ್ಪ ಹಿಡ್ಕೊಳಪ್ಪ’ ಅಂತ ಮುದುಕರು ಕೊಟ್ಟರೂ ಈಸ್ಕೊಬೇಡ. ನಾನು ಗ್ರೀನ್ ಕಾರ್ಡ್ ಬರೋವರೆಗೂ ಬರೀ ಚೀಲ ಹೊತ್ತವನು. 1989 ಕಳೆದ ಮೇಲೆ ಹುಟ್ಟಿದೋರಿಗೆ ನಮ್ಮ ಈ ಮಿನ್ನೆಸೋಟ ರಾಜ್ಯದಲ್ಲಿ ಟ್ರ್ಯಾಪಿಂಗ್ ಲೈಸೆನ್ಸ್‌ಗೆ ಮುಂಚೆ ತರಬೇತಿಯೂ ಕಡ್ಡಾಯ.

ಪಿಸ್ತೂಲಿನ ವಿಷಯ ಸುಲಭ. ‘.22 ಲಾಂಗ್ ರೈಫಲ್’ ಅನ್ನೋ ಸಣ್ಣ ಗುಂಡು ಹಾರಿಸೋ ಸ್ಟೇನ್‌ಲೆಸ್ ಸ್ಟೀಲ್ ರಿವಾಲ್ವರ್. ಟ್ರ್ಯಾಪಿಗೆ ಬಿದ್ದ ರಕೂನ್ (ಇಲ್ಲಿಯ ಒಂದು ಸಣ್ಣ ಕಾಡುಪ್ರಾಣಿ) ನರಳಬಾರದು, ಚರ್ಮವೂ ಹಾಳಾಗಬಾರದು; ಅದಕ್ಕೆ ಈ ಸಣ್ಣ ಗುಂಡೇ ಸಾಕು. ಒಂದು ಗುಂಡು ಹಾರಲಿಲ್ಲ ಅಂದರೆ ಕುದುರೆ (ಟ್ರಿಗರ್) ಇನ್ನೊಮ್ಮೆ ಎಳೆದರೆ ಮುಂದಿನದು ಬರುತ್ತೆ, ಹಿಮದಲ್ಲಿ ಬಿದ್ದು ಕಳೆದುಹೋಗೋಕೆ ಗುಂಡು ತುಂಬೋ ಮ್ಯಾಗಜೀನೂ ಇಲ್ಲ. ಗುಂಡಿಲ್ಲದೆ ಸುಮ್ಮನೆ ಟಕ್ ಟಕ್ ಅನ್ನಿಸಬೇಡ, ಎಷ್ಟೋ .22ಗಳಲ್ಲಿ ಗುಂಡಿಗೆ ಬಡಿಯೋ ಪಿನ್ನು ಗುಂಡಿನ ಗೂಡಿನ ಅಂಚಿಗೆ ಬಡಿದು ಕೆಡುತ್ತೆ.

ಪಿಸ್ತೂಲು ಹಾಳುಮಾಡೋದು ಹೊರಗಿನ ಚಳಿಯಲ್ಲ, ಮನೆ ಒಳಗಿನ ಶಾಖ. ನಾನು ಬಂದ ಮೊದಲ ಡಿಸೆಂಬರಿನಲ್ಲಿ ನನ್ನ ಕರ್ಕೊಂಡು ಹೋದ ಹಿರಿಯರೊಬ್ಬರು ಇದ್ದರು. ವಾಪಸ್ ಬಂದು ಬಾಗಿಲು ದಾಟಿದ್ದೇ ತಡ, ನನ್ನ ಕನ್ನಡಕ ಮಂಜು ಕಟ್ಟಿ ಏನೂ ಕಾಣಲಿಲ್ಲ. ‘ಕನ್ನಡಕ ನೀನು ಒರೆಸ್ಕೊಂಡೆ, ಪಿಸ್ತೂಲಿನ ಹೊಟ್ಟೆ ಒಳಗೆ ಯಾರು ಒರೆಸ್ತಾರೆ?’ ಅಂದರು. ಸ್ಟೇನ್‌ಲೆಸ್ ಆದರೂ ತುಕ್ಕೇ ಹಿಡಿಯಲ್ಲ ಅಂತಿಲ್ಲ. ಗುಂಡು ತೆಗೆದು, ಡಬ್ಬಿಯಲ್ಲಿಟ್ಟು ಬೀಗ ಹಾಕಿ ಒಳಗೆ ತಾ. ಡಬ್ಬಿ ಪೂರಾ ಬೆಚ್ಚಗಾಗೋವರೆಗೂ ಮುಚ್ಚಳ ತೆಗೀಬೇಡ. ಚರ್ಮದ ಚೀಲದಲ್ಲೇ ವಾರಗಟ್ಟಲೆ ಬಿಡಬೇಡ, ಚರ್ಮ ತೇವ ಹಿಡಿಯುತ್ತೆ. ಚಳಿಗೆ ಅಂತಲೇ ಮಾಡಿದ ಬಂದೂಕಿನ ಎಣ್ಣೆ ಒಂದು ತೊಟ್ಟು ಸಾಕು, ಉಳಿದದ್ದು ಒರೆಸಿಬಿಡು. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗೋದು, ಮೈಸೂರಿನ ಚಳಿಗೇ ಬಾಟಲಿಯಿಂದ ಇಳಿಯಲ್ಲ. ಇಲ್ಲಿ ಮೈನಸ್ 25.

ಆ ಎಣ್ಣೆ ಮಾತು ತೆಗೆದು ನನ್ನ ನಿದ್ದೆ ಕೆಡಿಸಿದೆ. ಮಳವಳ್ಳಿ ಕಡೆ ನಮ್ಮ ಹೊಲಕ್ಕೆ ಹಂದಿ ಕಾಟ, ಬೆಳೆ ರಕ್ಷಣೆಗೆ ಅಂತ ಅಪ್ಪನ ಹತ್ತಿರ ಒಂಟಿ ನಳಿಗೆ ಕೋವಿ ಇತ್ತು. ಪಕ್ಕದ ಹೊಲದೋರು ಹಂದಿಗೆ ಉರುಳು ಹಾಕಿದರೆ ಅಪ್ಪ ಜಗಳಕ್ಕೇ ಹೋಗೋರು, ಚಿರತೆ ಬಿದ್ದರೆ ಯಾರ ತಲೆಗೆ ಅಂತ. ಚುನಾವಣೆ ಬಂತು ಅಂದರೆ ಕೋವಿ ಠಾಣೆಗೆ ಒಪ್ಪಿಸಬೇಕಲ್ಲ, ಹಿಂದಿನ ರಾತ್ರಿ ಜಗಲಿ ಮೇಲೆ ಕೂತು ಕೊಬ್ಬರಿ ಎಣ್ಣೆ ಸವರಿ ಹಳೇ ಪಂಚೆಲಿ ಸುತ್ತೋರು. ಅಪ್ಪ ಹೋದ ಮೇಲೆ ಅದು ಠಾಣೆಯಲ್ಲೇ ಉಳೀತು. ಲೈಸೆನ್ಸ್‌ಗೆ ವಾರಸುದಾರ ಅರ್ಜಿ ಹಾಕಬೇಕು. ರಜೆ ಇಲ್ಲ ಅಂದೆ, ಮುಂದಿನ ವರ್ಷ ಅಂದೆ, ಆಮೇಲೆ ಅವ್ವನೂ ಕೇಳೋದು ಬಿಟ್ಟಳು. ನಿಮ್ಮ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ ಈ ಸಲ ಊರಿಗೆ ಹೋದಾಗಲೇ ಕಾಗದಪತ್ರ ಮುಗಿಸಿ ಬಾ.

ಬೂಟು ಒಂದು ಸೈಜ್ ದೊಡ್ಡದು ತಗೊ. ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ. ಗುಂಡು ಮುಟ್ಟಿದ ಕೈಯಲ್ಲಿ ಮಾತ್ರ ಮುದ್ದೆ ಮುರೀಬೇಡ, ಸೀಸ ಬೆರಳಿಗೆ ಅಂಟಿರುತ್ತೆ; ಸೋಪು ಹಾಕಿ ತೊಳ್ಕೊ.