ಶಾಸಕರು ಯಾರ ಮಾತು ಕೇಳಬೇಕು?

ಪ್ರಶ್ನೆ: 2018ರಲ್ಲಿ ಬಿಜೆಪಿ 104 ಸ್ಥಾನ ಗೆದ್ದು ಮೊದಲಿತ್ತು. ಆದರೂ 37 ಸ್ಥಾನದ ಜೆಡಿಎಸ್‌ನವರು ಮುಖ್ಯಮಂತ್ರಿಯಾದರು. ನಮ್ಮ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಈ ಜಗಳ ಇನ್ನೂ ಮುಗಿದಿಲ್ಲ. ಮೂರನೇ ಸ್ಥಾನದವರು ಅಧಿಕಾರ ಮಾಡುವುದು ಯಾವ ನ್ಯಾಯ ಸರ್?
(ಓದುಗರು, ದಾವಣಗೆರೆ)

ಉತ್ತರ: ಚುನಾವಣೆಯನ್ನು ನಾವು ಓಟದ ಪಂದ್ಯದ ಹಾಗೆ ನೋಡುತ್ತೇವೆ, ಮೊದಲು ಬಂದವರಿಗೆ ಕಪ್ ಅಂತ. ಒಂದೊಂದು ಕ್ಷೇತ್ರದ ಮಟ್ಟಿಗೆ ಅದು ನಿಜವೇ. ಒಂದು ಮತ ಹೆಚ್ಚು ಬಂದವರು ಶಾಸಕರು. ಆದರೆ ಮುಖ್ಯಮಂತ್ರಿಯನ್ನು ನೀವೂ ಆರಿಸುವುದಿಲ್ಲ, ನಾನೂ ಆರಿಸುವುದಿಲ್ಲ. ಸಂವಿಧಾನದ 164ನೇ ವಿಧಿ ಹೇಳುವುದಿಷ್ಟೇ: ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ಅತಿ ದೊಡ್ಡ ಪಕ್ಷದ ಮಾತೇ ಅಲ್ಲಿಲ್ಲ. ನಿಜ ಹೇಳಬೇಕೆಂದರೆ 1985ರವರೆಗೆ ನಮ್ಮ ಸಂವಿಧಾನದಲ್ಲಿ ರಾಜಕೀಯ ಪಕ್ಷ ಎಂಬ ಪದವೇ ಇರಲಿಲ್ಲ. ಪಾಠ ಮಾಡುವಾಗ ಇದನ್ನು ಹೇಳಿದರೆ ಹುಡುಗರು ನಂಬದೆ ಪುಸ್ತಕ ತಿರುವಿ ಹಾಕುತ್ತಿದ್ದರು.

ಈಗ ಲೆಕ್ಕಕ್ಕೆ ಬರೋಣ. ಅಂದು ಮತದಾನವಾಗಿದ್ದು 222 ಕ್ಷೇತ್ರಗಳಲ್ಲಿ. ಅರ್ಧ ದಾಟಬೇಕೆಂದರೆ 112 ಬೇಕು. ಬಿಜೆಪಿಯ 104ಕ್ಕೆ ಎಂಟು ಕಡಿಮೆ. ಕಾಂಗ್ರೆಸ್ 78, ಜೆಡಿಎಸ್ 37, ಕೂಡಿದರೆ 115. (ಕುಮಾರಸ್ವಾಮಿಯವರು ಚನ್ನಪಟ್ಟಣ, ರಾಮನಗರ ಎರಡರಲ್ಲೂ ಗೆದ್ದಿದ್ದರಿಂದ ತಲೆ ಎಣಿಸಿದರೆ ಒಂದು ಕಡಿಮೆ.) ರಾಜ್ಯಪಾಲ ವಜುಭಾಯಿ ವಾಲಾ ಅವರು ದೊಡ್ಡ ಪಕ್ಷವನ್ನೇ ಮೊದಲು ಕರೆದು, ಬಹುಮತ ಸಾಬೀತಿಗೆ ಹದಿನೈದು ದಿನ ಕೊಟ್ಟರು. ಕರೆದದ್ದು ತಪ್ಪೆಂದು ನಾನು ಹೇಳಲಾರೆ, ಅಂಥ ರೂಢಿಯೂ ಇದೆ. ಹದಿನೈದು ದಿನ ಕೊಟ್ಟದ್ದು ಮಾತ್ರ ಅತಿಯಾಯಿತು. ಎಂಟು ತಲೆ ಕಡಿಮೆ ಇರುವವರಿಗೆ ಹದಿನೈದು ದಿನ ಕೊಟ್ಟರೆ ಆ ಎಂಟು ಎಲ್ಲಿಂದ ಬರಬೇಕು? ಮಧ್ಯರಾತ್ರಿ ದಾಟಿದ ಮೇಲೆ ಸುಪ್ರೀಂ ಕೋರ್ಟ್ ವಿಚಾರಣೆಗೆ ಕೂತಿತು, ಪ್ರಮಾಣವಚನ ತಡೆಯಲಿಲ್ಲ. ಆದರೆ ಮರುದಿನ ಗಡುವನ್ನು ಮೊಟಕು ಮಾಡಿ, ಮೇ 19ರ ಸಂಜೆ ನಾಲ್ಕಕ್ಕೇ ಬಲಾಬಲ ಆಗಲಿ ಎಂದಿತು. ಯಡಿಯೂರಪ್ಪನವರು ಸದನದಲ್ಲಿ ಭಾಷಣ ಮಾಡಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಡಲು ನಡೆದರು.

ಬಹುಮತವನ್ನು ರಾಜಭವನದಲ್ಲಿ ಎಣಿಸಬಾರದು, ಸದನದಲ್ಲೇ ಎಣಿಸಬೇಕು ಎಂಬ ಈ ನಿಯಮ ಇಡೀ ದೇಶಕ್ಕೆ ಹೋದದ್ದು ನಮ್ಮ ಹುಬ್ಬಳ್ಳಿಯವರ ಹೆಸರಿನಲ್ಲಿ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಮರುದಿನವೇ ಅವರಲ್ಲಿ ಏಳು ಜನ, ನಮ್ಮಿಂದ ಹೇಗೋ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಪರವೇ ಇದ್ದೇವೆ ಎಂದು ಬರೆದುಕೊಟ್ಟರು. ಬೊಮ್ಮಾಯಿಯವರು ಅಧಿವೇಶನ ಕರೆಯುತ್ತೇನೆ, ಅಲ್ಲೇ ಎಣಿಸಿ ಎಂದರು. ಕೇಳಲಿಲ್ಲ, ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಐದು ವರ್ಷ ಕಳೆದು, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕ ಎಂದಿತು. ಅಷ್ಟರಲ್ಲಿ ಚುನಾವಣೆ ಮುಗಿದು, ವೀರೇಂದ್ರ ಪಾಟೀಲ, ಬಂಗಾರಪ್ಪ ಇಬ್ಬರೂ ಆಗಿಹೋಗಿ, ವೀರಪ್ಪ ಮೊಯಿಲಿ ಕುರ್ಚಿಯಲ್ಲಿದ್ದರು. ಬೊಮ್ಮಾಯಿಯವರಿಗೆ ಕೇಸು ದಕ್ಕಿತು, ಕುರ್ಚಿ ದಕ್ಕಲಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಬೇಡಿ. ಜನರ ಒಲವು ಯಾರ ಕಡೆಗಿತ್ತು ಎಂಬ ವಾದಕ್ಕೆ ಕೊನೆಯಿಲ್ಲ. ಸದನದಲ್ಲಿ ಎದ್ದು ನಿಂತ ತಲೆಗಳಿಗೆ ಒಂದು ಲೆಕ್ಕವಾದರೂ ಇರುತ್ತದೆ.

ಪ್ರಶ್ನೆ: ಹನ್ನೊಂದು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಆಳುವ ಪಕ್ಷದ ಸಂಸದರೇ ತಮ್ಮ ಸರ್ಕಾರದ ವಿರುದ್ಧ ಮತ ಹಾಕುತ್ತಾರೆ. ಊರಿಗೆ ಬಂದಾಗ ನಮ್ಮ ಶಾಸಕರನ್ನು ಒಂದು ಮಸೂದೆ ಬಗ್ಗೆ ಕೇಳಿದೆ. "ನನಗೂ ಇಷ್ಟ ಇಲ್ಲಪ್ಪ, ಆದ್ರೆ ವಿಪ್ ಇದೆ" ಅಂದರು. ನಾವು ಆರಿಸಿದ್ದು ಅವರನ್ನೋ, ವಿಪ್ಪನ್ನೋ?
(ಓದುಗರು, ರೀಡಿಂಗ್)

ಉತ್ತರ: ನಿಮ್ಮ ಶಾಸಕರು ನಿಜವನ್ನೇ ಹೇಳಿದ್ದಾರೆ, ಅದೇ ಬೇಸರದ ಸಂಗತಿ.

ವಿಪ್ ಎಂದರೆ ಪಕ್ಷ ತನ್ನ ಸದಸ್ಯರಿಗೆ ಲಿಖಿತವಾಗಿ ಕೊಡುವ ಅಪ್ಪಣೆ: ಇಂಥ ದಿನ ಸದನದಲ್ಲಿರಬೇಕು, ಹೀಗೇ ಮತ ಹಾಕಬೇಕು. ಅದನ್ನು ಹೊರಡಿಸಿ ಕುರಿ ಎಣಿಸಿದ ಹಾಗೆ ಸದಸ್ಯರನ್ನು ಎಣಿಸಿ ಒಳಗೆ ಕೂರಿಸುವವರು ಮುಖ್ಯ ಸಚೇತಕರು. ಪದ ಬಂದದ್ದು ಅಲ್ಲಿಂದಲೇ; ಬೇಟೆಗೆ ಹೋದಾಗ ಗುಂಪು ಬಿಟ್ಟು ಓಡುವ ನಾಯಿಗಳನ್ನು ಚಾಟಿ ಹಿಡಿದು ಒಟ್ಟು ಮಾಡುವ ಆಳಿನ ಹೆಸರದು. ನಮ್ಮವರು ಪದ ತಂದರು, ಚಾಟಿಯ ತುದಿಗೆ ಒಂದು ಕತ್ತಿಯನ್ನೂ ಕಟ್ಟಿದರು.

ಕತ್ತಿ ಯಾವುದೆಂದರೆ ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ. 1985ರಲ್ಲಿ 52ನೇ ತಿದ್ದುಪಡಿಯಾಗಿ ಬಂತು. ಹಿಂದಿನ ಕಥೆ ನಿಮಗೆ ಗೊತ್ತಿರಬಹುದು. 1967ರಲ್ಲಿ ಹರಿಯಾಣದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು, ಆಯಾರಾಂ ಗಯಾರಾಂ ಎಂಬ ಮಾತು ಹುಟ್ಟಿತು. ರೋಗ ಇದ್ದದ್ದು ಹೌದು. ಮದ್ದು ಹೇಗಿದೆ ನೋಡಿ. ಪಕ್ಷದ ಸದಸ್ಯತ್ವ ತಾನಾಗಿ ಬಿಟ್ಟರೆ ಸ್ಥಾನ ಹೋಗುತ್ತದೆ. ವಿಪ್ ಮೀರಿ ಮತ ಹಾಕಿದರೆ, ಇಲ್ಲವೇ ಮತಕ್ಕೆ ಗೈರಾದರೆ, ಹದಿನೈದು ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಆಗಲೂ ಹೋಗುತ್ತದೆ. ಸರ್ಕಾರ ಉಳಿಯುವ ವಿಶ್ವಾಸಮತಕ್ಕೂ, ಸಾಧಾರಣ ಮಸೂದೆಗೂ ಒಂದೇ ಶಿಕ್ಷೆ. ಆದರೆ ಶಾಸಕಾಂಗ ಪಕ್ಷದ ಮೂರನೇ ಎರಡು ಭಾಗ ಒಪ್ಪಿ ವಿಲೀನ ಎಂದರೆ ಯಾರಿಗೂ ಏನೂ ಆಗುವುದಿಲ್ಲ. 2003ರವರೆಗೆ ಮೂರನೇ ಒಂದು ಭಾಗ ಸಿಡಿದರೂ ಮಾಫಿ ಇತ್ತು. ಒಬ್ಬ ಓಡಿದರೆ ಕಳ್ಳ, ಊರೇ ಓಡಿದರೆ ಜಾತ್ರೆ.

ಇನ್ನು ನೀವಿರುವ ದೇಶ. 2019ರ ಜನವರಿ 15ರಂದು ಥೆರೆಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದ 202ಕ್ಕೆ 432 ಮತಗಳಿಂದ ಬಿತ್ತು. ಅವರ ಪಕ್ಷದವರೇ 118 ಜನ ವಿರುದ್ಧ ನಿಂತರು. ಮರುದಿನವೇ ಅವಿಶ್ವಾಸ ಮಂಡನೆಯಾಯಿತು. ಅದೇ ಬಂಡಾಯಗಾರರು ಸರ್ಕಾರದ ಪರ ಬಂದು 325–306ರಿಂದ ಉಳಿಸಿದರು. ಅಂದರೆ ಈ ಒಪ್ಪಂದ ನಮಗೆ ಬೇಡ, ಈ ಸರ್ಕಾರ ಇರಲಿ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳುವ ಬಾಯಿ ಅಲ್ಲಿಯ ಸಂಸದರಿಗಿದೆ. ಅದೇ ಸೆಪ್ಟೆಂಬರ್‌ನಲ್ಲಿ ಬೋರಿಸ್ ಜಾನ್ಸನ್ ಸಿಟ್ಟಿಗೆದ್ದು ತಮ್ಮ 21 ಸಂಸದರನ್ನು ಹೊರಹಾಕಿದರು. ಅವರಲ್ಲಿ ಚರ್ಚಿಲ್ ಮೊಮ್ಮಗ ನಿಕೊಲಸ್ ಸೋಮ್ಸ್ ಇದ್ದರು, 1970ರಿಂದ ಸದನದಲ್ಲಿದ್ದ ಕೆನ್ ಕ್ಲಾರ್ಕ್ ಇದ್ದರು. ಹೊರಹಾಕಿದ್ದು ಪಕ್ಷದಿಂದ, ಸದನದಿಂದಲ್ಲ. ಮರುದಿನವೂ ಬಂದು ಕೂತರು, ಮತ ಹಾಕಿದರು. ಮುಂದಿನ ಟಿಕೆಟ್ ಸಿಗದಿರಬಹುದು, ಅದು ಬೇರೆ ಮಾತು.

ನಮ್ಮಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕಿಹೋಟೊ ಹೊಲ್ಲೊಹಾನ್ ಪ್ರಕರಣದಲ್ಲಿ ಈ ಕಾನೂನನ್ನು ಎತ್ತಿಹಿಡಿಯಿತು. ಅದಕ್ಕೆ ಎರಡು ವರ್ಷ ಮೊದಲೇ ದಿನೇಶ್ ಗೋಸ್ವಾಮಿ ಸಮಿತಿ, ವಿಪ್ಪಿನ ಶಿಕ್ಷೆ ವಿಶ್ವಾಸ, ಅವಿಶ್ವಾಸದಂಥ ಮತಕ್ಕೆ ಸೀಮಿತವಾಗಲಿ ಎಂದಿತ್ತು. ನನ್ನದೂ ಅದೇ ಅಭಿಪ್ರಾಯ. ಯಾವ ಪಕ್ಷವೂ ಅದನ್ನು ಕೈಗೆತ್ತಿಕೊಂಡಿಲ್ಲ, ಏಕೆಂದರೆ ಅಧಿಕಾರದಲ್ಲಿರುವವರಿಗೂ ನಾಳೆ ಬರುವವರಿಗೂ ಇದು ಅನುಕೂಲ. ನಿಮ್ಮ ಶಾಸಕರಿಗೆ ಒಂದು ದಾರಿ ಮಾತ್ರ ಈಗಲೂ ಇದೆ. ವಿಪ್ ಕಟ್ಟುವುದು ಮತವನ್ನು, ನಾಲಿಗೆಯನ್ನಲ್ಲ. ಚರ್ಚೆಯಲ್ಲಿ ಎದ್ದು, ಈ ಕಲಂ ನಮ್ಮ ತಾಲ್ಲೂಕಿಗೆ ಹೀಗೆ ತೊಂದರೆ ಎಂದು ಹೇಳಿ ಕಡತಕ್ಕೆ ಸೇರಿಸಬಹುದು. ಮುಂದಿನ ಸಲ ಊರಿಗೆ ಬಂದಾಗ, ಆ ದಿನ ಮಾತಾಡಿದಿರಾ ಎಂದು ಕೇಳಿ.

ಪ್ರಶ್ನೆ: ಶಾಸಕರಲ್ಲದವರು ಮಂತ್ರಿಯಾಗಬಹುದೇ? ಎಷ್ಟು ಸಲ?
(ಓದುಗರು, ಹಾವೇರಿ)

ಉತ್ತರ: ಆಗಬಹುದು, ಆರು ತಿಂಗಳೊಳಗೆ ಯಾವುದಾದರೂ ಸದನ ಸೇರಬೇಕು. ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಕನಕಪುರದಿಂದ ಗೆದ್ದರು. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ ಸಂಸತ್ತಿನ ಎರಡೂ ಸದನಗಳಲ್ಲಿ ಇರಲಿಲ್ಲ, ಆಮೇಲೆ ರಾಜ್ಯಸಭೆಗೆ ಬಂದರು. ಆರು ತಿಂಗಳು ಮುಗಿದೊಡನೆ ರಾಜೀನಾಮೆ ಕೊಟ್ಟು, ಗೆಲ್ಲದೆಯೇ ಮತ್ತೆ ಪ್ರಮಾಣ ಸ್ವೀಕರಿಸುವ ಆಟವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ನಿಲ್ಲಿಸಿತು.

ಪ್ರಶ್ನೆ: ಪಕ್ಷಾಂತರ ಕಾನೂನು ಇಷ್ಟು ಬಿಗಿ ಇದ್ದರೆ 2019ರಲ್ಲಿ 17 ಶಾಸಕರು ಸರ್ಕಾರ ಬೀಳಿಸಿ, ಅವರಲ್ಲೇ ಹಲವರು ಮಂತ್ರಿಯಾದದ್ದು ಹೇಗೆ?
(ಓದುಗರು, ಬೆಂಗಳೂರು)

ಉತ್ತರ: ಬಾಗಿಲು ಬಿಗಿ, ಕಿಟಕಿ ತೆರೆದಿತ್ತು. ವಿಪ್ ಮೀರಿದರೆ ಅನರ್ಹತೆ. ಸದನಕ್ಕೆ ಬಾರದೆ ರಾಜೀನಾಮೆ ಕೊಟ್ಟರೆ? ಜುಲೈನಲ್ಲಿ ರಾಜೀನಾಮೆಗಳು ಬಿದ್ದವು, ಕೊಟ್ಟವರು ಮುಂಬೈ ಸೇರಿದರು. ರಾಜೀನಾಮೆ ಸ್ವಇಚ್ಛೆಯದೇ ಎಂದು ಖಾತ್ರಿಯಾಗದಿದ್ದರೆ ಸ್ಪೀಕರ್ ಒಪ್ಪಬೇಕಿಲ್ಲ. 190ನೇ ವಿಧಿಯಲ್ಲಿ ಹಾಗಿದೆ. ಜುಲೈ 17ರಂದು ಸುಪ್ರೀಂ ಕೋರ್ಟ್, ಇವರನ್ನು ಸದನಕ್ಕೆ ಬನ್ನಿ ಎಂದು ಬಲವಂತ ಮಾಡುವಂತಿಲ್ಲ ಎಂದಿತು. ಬರಲೇಬೇಕು ಎನ್ನಲಾಗದಿದ್ದರೆ ವಿಪ್ಪಿಗೆ ಅರ್ಥವೇನು ಎಂದು ಸಿದ್ದರಾಮಯ್ಯನವರು ಮರುದಿನ ಸದನದಲ್ಲಿ ಕ್ರಿಯಾಲೋಪ, ಅಂದರೆ ಸದನದ ನಡಾವಳಿಯ ಬಗೆಗಿನ ಆಕ್ಷೇಪ, ಎತ್ತಿದರು. ವಿಶ್ವಾಸಮತದ ಚರ್ಚೆ ಅಲ್ಲಿಂದ 23ರವರೆಗೆ ಎಳೆಯಿತು. ಆ ಸಂಜೆ ಸಾಲು ಸಾಲಾಗಿ ಎದ್ದು ನಿಂತವರನ್ನು ಎಣಿಸಿದಾಗ ಪರ 99, ವಿರುದ್ಧ 105. ನಾಮಕರಣ ಸದಸ್ಯರೂ ಸೇರಿ 225ರ ಸದನದಲ್ಲಿ 20 ಜನ ಬಂದಿರಲಿಲ್ಲ. ಯಾರೂ ಆ ಕಡೆಗೆ ಮತ ಹಾಕಬೇಕಾಗಲಿಲ್ಲ, ಬಾರದಿದ್ದುದೇ ಸಾಕಾಯಿತು.

ಸ್ಪೀಕರ್ ರಮೇಶ್ ಕುಮಾರ್ 17 ಜನರನ್ನು ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರ ತನಕ, ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅರ್ಧ ಒಪ್ಪಿತು: ಅನರ್ಹತೆ ಸರಿ, ಮತ್ತೆ ನಿಲ್ಲಬಾರದು ಎನ್ನುವ ಅಧಿಕಾರ ಸ್ಪೀಕರ್‌ಗೆ ಇಲ್ಲ. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು. ಅನರ್ಹರಲ್ಲಿ 13 ಜನ ಬಿಜೆಪಿಯಿಂದ ನಿಂತರು, 11 ಜನ ಗೆದ್ದರು. 2020ರ ಫೆಬ್ರವರಿ 6ಕ್ಕೆ ಅವರಲ್ಲಿ ಹತ್ತು ಮಂದಿ ಮಂತ್ರಿಗಳು. ಜನರೇ ಮತ್ತೆ ಗೆಲ್ಲಿಸಿದರಲ್ಲ ಎನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕಾನೂನು ಅವರನ್ನು ಕಳಿಸಬೇಕಾದದ್ದೂ ಜನರ ಮುಂದೆಯೇ. ನನ್ನ ತಕರಾರು ಬೇರೆ. ತೀರ್ಪು ಹೇಳುವ ಸ್ಪೀಕರ್ ಯಾವಾಗಲೂ ಒಂದು ಪಕ್ಷದ ಟಿಕೆಟ್ಟಿನಲ್ಲಿ ಗೆದ್ದವರು. ಒಬ್ಬ ಸ್ಪೀಕರ್ ವಾರದಲ್ಲಿ ತೀರ್ಮಾನಿಸುತ್ತಾರೆ, ಇನ್ನೊಬ್ಬರು ವರ್ಷಗಟ್ಟಲೆ ಕಡತದ ಮೇಲೆ ಕೂರುತ್ತಾರೆ. ಮಣಿಪುರದ ಪ್ರಕರಣದಲ್ಲಿ 2020ರಲ್ಲಿ ಕೋರ್ಟು, ಸಾಧಾರಣವಾಗಿ ಮೂರು ತಿಂಗಳಲ್ಲಿ ಮುಗಿಸಿ ಎಂದು ಹೇಳಬೇಕಾಯಿತು.

ಅಂದಹಾಗೆ, ಸೋತ ಇಬ್ಬರ ಕಥೆ ಕಾನೂನು ವಿದ್ಯಾರ್ಥಿಗಳು ಓದಬೇಕಾದ್ದು. ಎಂ.ಟಿ.ಬಿ. ನಾಗರಾಜ್ ಮತ್ತು ಎಚ್. ವಿಶ್ವನಾಥ್ ಇಬ್ಬರೂ ಆಮೇಲೆ ವಿಧಾನ ಪರಿಷತ್ತಿಗೆ ಬಂದರು. ನಾಗರಾಜ್ ಬಂದದ್ದು ಶಾಸಕರಿಂದ ಆಯ್ಕೆಯಾಗಿ, ವಿಶ್ವನಾಥ್ ಬಂದದ್ದು ನಾಮಕರಣವಾಗಿ. ಅನರ್ಹರಾದವರು ಮತ್ತೆ ಚುನಾಯಿತರಾಗುವವರೆಗೆ ಮಂತ್ರಿಯಾಗುವಂತಿಲ್ಲ ಎನ್ನುತ್ತದೆ 164ನೇ ವಿಧಿಯ 1ಬಿ. ನಾಮಕರಣ ಚುನಾವಣೆಯಲ್ಲ ಎಂದು 2020ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ. 2021ರ ಜನವರಿಯಲ್ಲಿ ನಾಗರಾಜ್ ಮಂತ್ರಿಯಾಗಿ ಪ್ರಮಾಣ ಮಾಡಿದರು. ವಿಶ್ವನಾಥ್ ಪರಿಷತ್ತಿನಲ್ಲಿ ಸದಸ್ಯರಾಗಿಯೇ ಉಳಿದರು.