ದ್ರಾಕ್ಷಿಯಿಂದ ವೈನ್ ಹೇಗೆ ಮಾಡುತ್ತಾರೆ? ರಸ ಹಿಂಡಿ ಸುಮ್ನೆ ಇಟ್ಟರೆ ಆಗುತ್ತಾ?

ಸುಮ್ನೆ ಇಟ್ಟರೂ ಏನೋ ಒಂದು ಆಗುತ್ತೆ, ಆದರೆ ಜಾಸ್ತಿ ಸಲ ಅದು ವಿನೆಗರ್ ಕಡೆಗೇ ಹೋಗುತ್ತೆ. ನಾನು ಫ್ರೇಜರ್ ಟೌನಿನಲ್ಲಿ ಬಾಡಿಗೆಗಿದ್ದಾಗ ಮನೆ ಓನರ್ ಆಂಟಿ ಕ್ರಿಸ್ಮಸ್‌ಗೆ ವೈನ್ ಹಾಕುತ್ತಿದ್ದರು. ಕಲಿತದ್ದು ಅಲ್ಲೇ.

ಕೆಲಸವೆಲ್ಲ ಈಸ್ಟ್ ಅನ್ನೋ ಸೂಕ್ಷ್ಮಜೀವಿಯದು. ದ್ರಾಕ್ಷಿಯ ಸಕ್ಕರೆ ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ. ಹಣ್ಣಿನ ಮೇಲಿನ ಬಿಳಿ ಪುಡಿಯೇ ಈಸ್ಟ್ ಅಂತ ತುಂಬಾ ಜನ ಹೇಳುತ್ತಾರೆ. ಅಲ್ಲ, ಅದು ಮೇಣ. ಆಂಟಿ ಅದನ್ನು ನಂಬಿ ಕೂರದೆ ಬೇಕರಿ ಈಸ್ಟನ್ನೇ ಹಾಕುತ್ತಿದ್ದರು.

ಹಣ್ಣು ನಮ್ಮ ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುತ್ತಾರಲ್ಲ, ಅದು. ಒಂದು ಹಣ್ಣು ಒತ್ತಿ ನೋಡಿ: ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪಚಕ್ಕಂತ ಹೊರಗೆ ಜಾರುತ್ತೆ. ತಿರುಳಿನಲ್ಲಿ ಬಣ್ಣವೇ ಇಲ್ಲ! ಬಣ್ಣವೆಲ್ಲ ಸಿಪ್ಪೆಯದ್ದು, ಒಗರು ಸಿಪ್ಪೆ ಮತ್ತು ಬೀಜದ್ದು. ಸಿಪ್ಪೆ ಸಮೇತ ಹುದುಗಿಸಿದರೆ ರೆಡ್ ವೈನ್. ಮೊದಲೇ ಹಿಂಡಿ ರಸ ಮಾತ್ರ ಹುದುಗಿಸಿದರೆ ವೈಟ್.

ಹಿಸುಕಿದ ಹಣ್ಣು, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಎಲ್ಲ ಭರಣಿಗೆ, ಮೇಲೆ ಬಟ್ಟೆ. ಮಾರನೇ ದಿನ ಕಿವಿ ಇಟ್ಟರೆ ಸಣ್ಣಗೆ ಚಿರ್ ಚಿರ್ ಅನ್ನುತ್ತೆ. ಗ್ಯಾಸ್ ಸಿಪ್ಪೆಗಳನ್ನು ಮೇಲಕ್ಕೆ ತಳ್ಳಿ ಮುಚ್ಚಳದ ಹಾಗೆ ದಪ್ಪ ಪದರ ಕಟ್ಟುತ್ತೆ. ಅದು ಒಣಗಿದರೆ ಬೂಸ್ಟು. ದಿನಾ ಮರದ ಸೌಟಿನಿಂದ ಒತ್ತಿ ಮುಳುಗಿಸಬೇಕು. ಆ ಚಿರ್ ಚಿರ್ ಪೂರ್ತಿ ನಿಂತ ಮೇಲೆ ಸೋಸಿ, ತಳದ ಗಷ್ಟು ಬಿಟ್ಟು ತಿಳಿ ಬಗ್ಗಿಸಿ, ಗಾಳಿ ಆಡದಂತೆ ತುಂಬಿಡಬೇಕು. ಗಾಳಿ ಸಿಕ್ಕಿತೋ, ಬ್ಯಾಕ್ಟೀರಿಯಾ ಆಲ್ಕೋಹಾಲನ್ನೇ ಹುಳಿ ಮಾಡುತ್ತೆ.

ನಾನೇ ಮಾಡಿದ ಮೊದಲ ಸಲ ಆತುರಬಿದ್ದೆ. ಒಳಗೆ ಇನ್ನೂ ಸಕ್ಕರೆ ಇದ್ದಾಗಲೇ ಬಾಟಲಿಗೆ ಬಿರಡೆ ಜಡಿದೆ. ರಾತ್ರಿ ಎರಡು ಗಂಟೆಗೆ ಢಮ್! ಅಡುಗೆಮನೆ ಗೋಡೆ ನೇರಳೆ, ನೆಲದ ತುಂಬ ಗಾಜು.

ವೈನರಿಯಲ್ಲೂ ದಾರಿ ಇದೇ, ಹಣ್ಣು ಮಾತ್ರ ಬೇರೆ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್‌ನಂಥ ಕಡೆ ಕ್ಯಾಬರ್ನೆ, ಶಿರಾಜ್ ಬಳಸುತ್ತಾರೆ. ವೈನ್ ದ್ರಾಕ್ಷಿ ಚೆನ್ನಾಗಿ ಮಾಗಿದಾಗ ರಸದಲ್ಲಿ ನೂರಕ್ಕೆ 22–24ರಷ್ಟು ಸಕ್ಕರೆ ಇರುತ್ತೆ, ಅದರಿಂದಲೇ 12–13 ಶೇಕಡಾ ಆಲ್ಕೋಹಾಲ್ ಬರುತ್ತೆ. ನಮ್ಮ ಬ್ಲೂಗೆ ಅಷ್ಟು ಸಿಹಿ ಇಲ್ಲ. ಆಂಟಿ ಸಕ್ಕರೆ ಸುರಿಯುತ್ತಿದ್ದದ್ದು ಬರೀ ರುಚಿಗಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು.